ಎಷ್ಟು ವರ್ಷ ಕಾದಳು?

ಗದ್ಯದಲ್ಲಿ ಬರೆದ ದೊಡ್ಡ ಕಥೆಯನ್ನು ಹಿಂದಿಯವರೂ ಬಂಗಾಳಿಗಳೂ 'ಉಪನ್ಯಾಸ' ಎನ್ನುತ್ತಾರೆ. ನಮ್ಮ ನೆರೆಯ ತೆಲುಗರು 'ನವಲ' ಎನ್ನುತ್ತಾರೆ. ಕನ್ನಡಿಗರೂ ಮರಾಠಿಗರೂ ಮಾತ್ರ ಒಬ್ಬ ಹೆಣ್ಣುಮಗಳ ಹೆಸರನ್ನೇ ತಂದು ಅದಕ್ಕೆ ಇಟ್ಟರು. ಕಾದಂಬರಿ ಏಳನೆಯ ಶತಮಾನದ ಬಾಣಭಟ್ಟನ ನಾಯಿಕೆ, ಗಂಧರ್ವರಾಜನ ಮಗಳು. ಅವಳ ಕಥೆಯಲ್ಲಿ ಮನುಷ್ಯರಂತೆ ಮಾತಾಡುವ ಗಿಳಿಯುಂಟು, ಚಂದ್ರನಿಗೇ ತಗಲುವ ಶಾಪವುಂಟು, ಜನ್ಮದಿಂದ ಜನ್ಮಕ್ಕೆ ದಾಟುವ ಪ್ರೇಮವುಂಟು, ಪ್ರಾಣ ಹೋದರೂ ಕೆಡದೆ ಉಳಿಯುವ ದೇಹವುಂಟು. ನಾಗವರ್ಮ ಅದನ್ನು ಕನ್ನಡದ ಚಂಪುವಾಗಿಸಿ ಸುಮಾರು ಸಾವಿರ ವರ್ಷಗಳಾದವು. ಆದ್ದರಿಂದ 'ಪ್ರೇಮದ ಕಥೆ, ಮಾಯಾಮಂತ್ರದ ಕಥೆ, ಇವೆಲ್ಲ ಹಗುರ ಓದು' ಎಂದು ಮೂಗು ಮುರಿಯುವ ಕನ್ನಡಿಗನು, ತಾನು ಗೌರವಿಸುವ ಗಂಭೀರ ಕೃತಿಯನ್ನೂ ಅದೇ ಹಗುರ ಕಥೆಯ ಹೆಸರಿನಿಂದ ಕರೆಯುತ್ತಿದ್ದಾನೆಂಬುದನ್ನು ಒಮ್ಮೆ ನೆನೆಯಬೇಕು.

ಇಷ್ಟು ಪೀಠಿಕೆ ಏಕೆಂದರೆ, ಕಳೆದ ಒಂದು ವರ್ಷವನ್ನು ನಾನು ಈ ಬಗೆಯ ಪುಸ್ತಕಗಳಿಗೇ ಮೀಸಲಿಟ್ಟೆ. ರಾಯಚೂರಿನಲ್ಲಿ ನನ್ನ ಮನೆ, ಮಾನ್ವಿಯಲ್ಲಿ ಅಕ್ಕ ಇದ್ದಾಳೆ, ದೇವದುರ್ಗದಲ್ಲಿ ಮಗಳು-ಅಳಿಯ. ನಿವೃತ್ತನಾದವನಿಗೆ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುವುದೇ ಒಂದು ಉದ್ಯೋಗ. ಬಸ್ಸಿನಲ್ಲಿ ಓದುವುದೇ ಅದರ ಸಂಬಳ. ವಾರಕ್ಕೊಂದರಂತೆ ಐವತ್ತೆರಡು ಪುಸ್ತಕಗಳಾದವು. ತ್ರಿವೇಣಿ, ಎಂ. ಕೆ. ಇಂದಿರಾ, ಸಾಯಿಸುತೆ ಇವರ ಕಾದಂಬರಿಗಳು. ದೇವಕೀನಂದನ ಖತ್ರಿಯವರ 1888ರ 'ಚಂದ್ರಕಾಂತಾ'. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಊರಾದ್ದರಿಂದ ಉರ್ದು ಚೆನ್ನಾಗಿ ಬಲ್ಲವರು ಇಲ್ಲಿ ಇನ್ನೂ ಸಿಗುತ್ತಾರೆ. ಅಂಥ ನೆರೆಯವರೊಬ್ಬರು ಸಂಜೆಯ ಹೊತ್ತು 'ತಿಲಿಸ್ಮ್-ಎ-ಹೋಶ್‌ರುಬಾ'ದ ಕೆಲವು ಭಾಗಗಳನ್ನು ಓದಿ ಅರ್ಥ ಹೇಳಿದರು. ಅಕ್ಕನ ಮೊಮ್ಮಗಳು ಬೆಂಗಳೂರಿನಿಂದ ಸಾರಾ ಜೆ. ಮಾಸ್, ರೆಬೆಕಾ ಯಾರೋಸ್ ಎಂಬ ಅಮೆರಿಕದ ಲೇಖಕಿಯರ ದಪ್ಪ ಪುಸ್ತಕಗಳನ್ನು ತಂದುಕೊಟ್ಟಳು. ಇವುಗಳಲ್ಲಿ ಪ್ರೇಮವೂ ಮಾಯೆಯೂ ಒಂದೇ ರಟ್ಟಿನೊಳಗೆ ಸಂಸಾರ ಹೂಡಿರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ 'ರೊಮ್ಯಾಂಟಸಿ' ಎಂಬ ಹೊಸ ಹೆಸರು ಕಟ್ಟಿದ್ದಾರೆ. ಹಳೆಯ ಹೆಸರೊಂದು ಬೇಕಾಗಿದ್ದರೆ ನಮ್ಮನ್ನು ಕೇಳಬಹುದಿತ್ತು.

ನನ್ನ ಗೆಳೆಯರೊಬ್ಬರು ಗಣಿತದ ಮಾಸ್ತರಾಗಿದ್ದವರು. ಅವರು ಕೇಳಿದರು: "ಒಂದು ವರ್ಷ ಖರ್ಚು ಹಾಕಿದ್ರಿ. ಜಮಾ ಏನ್ ಬಂತು, ಹೇಳ್ರಿ?"

ಪ್ರಶ್ನೆ ನ್ಯಾಯವಾದದ್ದು. ಅದನ್ನು ಬಿಡಿಸಿ ನೋಡಿದರೆ ಮೂರು ಆಪಾದನೆಗಳು ಸಿಗುತ್ತವೆ. ಇಂಥ ಕಥೆಗಳು ಸುಳ್ಳು ಹೇಳುತ್ತವೆ ಎಂಬುದು ಮೊದಲನೆಯದು. ಓದುಗನ ಕಣ್ಣೀರನ್ನು ಇಲ್ಲದವರಿಗಾಗಿ ವ್ಯಯಮಾಡಿಸುತ್ತವೆ ಎಂಬುದು ಎರಡನೆಯದು. ಕಾಲವನ್ನು ತಿನ್ನುತ್ತವೆ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಶೌರ್ಯದ ಕಥೆಗಳನ್ನು ಓದಿ ಓದಿ ತಲೆಕೆಟ್ಟು, ಗಾಳಿಗಿರಣಿಗಳನ್ನು ರಾಕ್ಷಸರೆಂದು ತಿಳಿದು ಈಟಿ ಹಿಡಿದು ನುಗ್ಗಿದ ಡಾನ್ ಕ್ವಿಕ್ಸೋಟನ ಕಥೆಯನ್ನು ಸರ್ವಾಂಟಿಸ್ 1605ರಲ್ಲಿ ಪ್ರಕಟಿಸಿದ. ಅಂಥವನು ಹುಟ್ಟಿದ್ದು ಮತ್ತೊಂದು ಕಾದಂಬರಿಯಲ್ಲಿಯೇ! ನಾನು ಕಂಡ ಓದುಗರಲ್ಲಿ ಮಾಯಾಕಥೆಯನ್ನು ನಿಜವೆಂದು ನಂಬಿ ಕೆಟ್ಟವರು ಒಬ್ಬರೂ ಇಲ್ಲ. ನಿಜವೆಂದು ಮುದ್ರಿಸಿದ ಜಾಹೀರಾತನ್ನು ನಂಬಿ ಕೆಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಡ್ರಾಗನ್ ತಾನು ಸುಳ್ಳೆಂದು ಬಾಗಿಲಲ್ಲಿಯೇ ಹೇಳಿ ಒಳಕ್ಕೆ ಬರುತ್ತದೆ.

ಎರಡನೆಯ ಆಪಾದನೆ ಭಾರವಾದದ್ದು. ಸಂತ ಅಗಸ್ಟಿನ್ ಸುಮಾರು 400ರಲ್ಲಿ ಬರೆದ ಆತ್ಮನಿವೇದನೆಯಲ್ಲಿ, ಬಾಲ್ಯದಲ್ಲಿ ಕಾವ್ಯದ ಡೈಡೋ ರಾಣಿಯ ಸಾವಿಗೆ ಅತ್ತ ತಾನು ತನ್ನ ಆತ್ಮದ ದುರ್ಗತಿಗೆ ಅಳಲಿಲ್ಲವಲ್ಲ ಎಂದು ಕೊರಗುತ್ತಾನೆ. ನಮ್ಮ ಆಲಂಕಾರಿಕರು ಇದೇ ಸಂಗತಿಯನ್ನು ಬೇರೆ ಕಡೆಯಿಂದ ಕಂಡರು. ಕಾವ್ಯದ ಶೋಕ ನನ್ನದೂ ಅಲ್ಲ, ನೆರೆಯವನದೂ ಅಲ್ಲ. 'ನನ್ನದು' ಎಂಬ ಗಂಟು ಬಿಚ್ಚಿದ ಶೋಕ ಅದು. ಸಾಧಾರಣೀಕರಣ ಎಂಬ ಅವರ ಮಾತಿನ ಹುರುಳು ಇದೇ. ಈ ಮಾತು ನನಗೆ ಹೆಚ್ಚು ಒಪ್ಪುತ್ತದೆ. ತನ್ನ ಮನೆಯವರಿಗಾಗಿ ಮಾತ್ರ ಅಳಬಲ್ಲವನು ಮತ್ತೊಬ್ಬರಿಗಾಗಿ ಅಳಲು ಎಲ್ಲಿಯಾದರೂ ಕಲಿಯಬೇಕಷ್ಟೆ. ತ್ರಿವೇಣಿಯವರ 'ಶರಪಂಜರ'ದಲ್ಲಿ ಮನೋರೋಗ ವಾಸಿಯಾಗಿ ಮನೆಗೆ ಮರಳುವ ಕಾವೇರಿಯನ್ನು ಮನೆಯೂ ನೆರೆಯೂ ನಂಬುವುದಿಲ್ಲ. 1971ರ ಚಲನಚಿತ್ರದಲ್ಲಿ ಕಲ್ಪನಾ ಆ ಪಾತ್ರವನ್ನು ನಾಡಿಗೆಲ್ಲ ತೋರಿಸಿದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಲೇಖಕಿ, ಆಸ್ಪತ್ರೆಯಿಂದ ಹಿಂತಿರುಗಿದ ಹೆಣ್ಣನ್ನು ಸಂಶಯದಿಂದ ನೋಡುವ ಕಣ್ಣಿಗೆ ಒಂದಿಷ್ಟು ನಾಚಿಕೆ ಕಲಿಸಿದ್ದರೆ ಅದು ಸಣ್ಣ ಜಮಾ ಅಲ್ಲ.

ಉಳಿದದ್ದು ಕಾಲದ ಮಾತು. ಇಲ್ಲಿ ಮಾತ್ರ ಓದುಗ ನಿಂತು ಯೋಚಿಸಬೇಕಾಗುತ್ತದೆ. ಇದು ನನಗೆ ಸ್ಪಷ್ಟವಾದದ್ದು ಪುಸ್ತಕದಿಂದಲ್ಲ, ದೇವದುರ್ಗದ ಬಸ್ಸಿನಲ್ಲಿ.

2023ರ ಜೂನ್‌ನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಊರು ಬಿಟ್ಟು ಕದಲದಿದ್ದ ಎಷ್ಟೋ ಮುದುಕಿಯರು ಈಗ ರಾಯಚೂರಿನ ಆಸ್ಪತ್ರೆಗೆ ತಾವೇ ಬಂದು ಹೋಗುತ್ತಾರೆ. ಕಣ್ಣು ತೋರಿಸಿಕೊಂಡು ಊರಿಗೆ ಮರಳುತ್ತಿದ್ದ ಒಬ್ಬಾಕೆ ನನ್ನ ಪಕ್ಕದ ಆಸನದಲ್ಲಿದ್ದಳು. ನನ್ನ ಕೈಯಲ್ಲಿದ್ದದ್ದು 'ಕಾದಂಬರಿ'ಯ ಗದ್ಯಾನುವಾದ. "ಏನು ಕಥಿಯಪ್ಪಾ ಅದು?" ಎಂದಳು. ಮಹಾಶ್ವೇತೆಯ ಭಾಗವನ್ನು ಹೇಳಿದೆ: ಪ್ರೀತಿಸಿದ ಪುಂಡರೀಕ ಸತ್ತ, ಮತ್ತೆ ಕೂಡುವಿರಿ ಎಂದು ಆಕಾಶದಿಂದ ಬಂದವನೊಬ್ಬ ಅಭಯ ಕೊಟ್ಟು ದೇಹವನ್ನು ಎತ್ತಿಕೊಂಡು ಹೋದ, ಅವಳು ಅಚ್ಛೋದ ಸರೋವರದ ದಂಡೆಯಲ್ಲಿ ತಪಸ್ವಿನಿಯಾಗಿ ಕಾಯುತ್ತ ಕುಳಿತಳು.

ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಎಷ್ಟ್ ವರ್ಸ ಕಾದ್ಲಪಾ ಆಕಿ?"

ಬಾಣ ಅದನ್ನು ಒಂದೆಡೆ ಕೂಡಿಸಿ ಹೇಳುವುದಿಲ್ಲ. ಆದರೆ ಲೆಕ್ಕ ಕಥೆಯೊಳಗೇ ಇದೆ. ಪುಂಡರೀಕ ಸಾಯುವಾಗ ಚಂದ್ರನನ್ನು ಶಪಿಸುತ್ತಾನೆ; ಚಂದ್ರ ಭೂಮಿಯಲ್ಲಿ ಚಂದ್ರಾಪೀಡನಾಗಿ ಹುಟ್ಟುತ್ತಾನೆ. ಆರು ವರ್ಷಕ್ಕೆ ವಿದ್ಯಾಮಂದಿರ ಸೇರಿದ ಚಂದ್ರಾಪೀಡ ಹದಿನಾರಕ್ಕೆ ಹೊರಬರುತ್ತಾನೆ. ಮೂರು ವರ್ಷ ದಿಗ್ವಿಜಯ. ಆ ಮೇಲೆ ಸರೋವರದ ದಂಡೆಯಲ್ಲಿ ಮಹಾಶ್ವೇತೆಯನ್ನು ಕಾಣುತ್ತಾನೆ. ಬೆರಳು ಮಡಿಚಿ ಎಣಿಸಿ, "ಅಲ್ಲೀತನಕ ಹತ್ತೊಂಬತ್ತಾದವು, ಯವ್ವಾ" ಎಂದೆ.

"ಅಷ್ಟ್ ದಿನ ಆಕಿಗೆ ಉಣ್ಣಾಕ ಯಾರು ಹಾಕತಿದ್ರು?"

ಇದಕ್ಕೂ ಪುಸ್ತಕದಲ್ಲಿ ಉತ್ತರವಿದೆ. ಮಹಾಶ್ವೇತೆ ಭಿಕ್ಷಾಪಾತ್ರೆ ಹಿಡಿದು ಮರಗಳ ಕೆಳಗೆ ನಡೆದರೆ ಹಣ್ಣುಗಳು ತಾವಾಗಿಯೇ ಉದುರಿ ಪಾತ್ರೆ ತುಂಬುತ್ತಿತ್ತು. ಹೇಳಿದೆ. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ನಮ್ಮ ಕಡೀ ಗಿಡ ಅಷ್ಟು ಶಾಣ್ಯಾ ಇಲ್ಲಪ್ಪಾ" ಎಂದಳು. ಬಳಿಕ ಅವಳ ಕಥೆ ಬಂತು. ಮಗ, ಸೊಸೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ನಿಂತಿದ್ದಾರೆ. ಯುಗಾದಿಗೋ ಜಾತ್ರೆಗೋ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಇಬ್ಬರು ಮೊಮ್ಮಕ್ಕಳು ಇವಳ ಮಡಿಲಲ್ಲಿ. "ನನಗ ಇದು ಏಳನೇ ವರ್ಸ."

ದೇವದುರ್ಗ, ಮಾನ್ವಿಯ ಹಳ್ಳಿಗಳನ್ನು ಬಲ್ಲವರಿಗೆ ಈ ಸಂಗತಿಯಲ್ಲಿ ಹೊಸದೇನೂ ಇಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ನಾಡು ಇದು. ಕಾಲುವೆಯ ನೀರು ಮುಟ್ಟಿದ ಹೊಲದಲ್ಲಿ ಭತ್ತ ಬೆಳೆಯುತ್ತದೆ, ಮುಟ್ಟದ ಊರಿನವರು ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. ಹೊಸದೆಂದರೆ ಆ ಮುದುಕಿಯ ಪ್ರಶ್ನೆ. ಐವತ್ತೆರಡು ಪುಸ್ತಕಗಳಿಗೂ ಆ ಪ್ರಶ್ನೆಯನ್ನು ಹಾಕಿ ನೋಡಬಹುದು. ಪ್ರೇಮದ ಕಾದಂಬರಿಯಲ್ಲಿ 'ಹೀಗೆ ಕೆಲವು ವರ್ಷಗಳು ಕಳೆದವು' ಎಂಬ ಒಂದು ಸಾಲು ಬರುತ್ತದೆ. ಮುಂದಿನ ಸಾಲಿನಲ್ಲಿ ನಾಯಕ ಹಿಂತಿರುಗಿರುತ್ತಾನೆ. ತಿಲಿಸ್ಮಿನ ಕಥೆಯಲ್ಲಿ ಮಾಯಾಲೋಕ ಎಷ್ಟೇ ಭಯಂಕರವಾಗಿರಲಿ, ಅದನ್ನು ಮುರಿಯುವ ಉಪಾಯವನ್ನು ಬರೆದ ಫಲಕವೊಂದು ಎಲ್ಲಿಯೋ ಇರುತ್ತದೆ. ಮುರಿಯಬೇಕಾದ ವೀರನೂ ಗೊತ್ತಾಗಿರುತ್ತಾನೆ. ಗುಳೆಯೆಂಬ ತಿಲಿಸ್ಮಿಗೆ ಅಂಥ ಫಲಕವನ್ನು ಯಾರೂ ಬರೆದಿಟ್ಟಿಲ್ಲ.

ಈ ಕಥೆಗಳು ರಾಕ್ಷಸರ ವಿಷಯದಲ್ಲಿ ನಮ್ಮನ್ನು ವಂಚಿಸುವುದಿಲ್ಲ. ಪ್ರೇಮದ ವಿಷಯದಲ್ಲಿಯೂ ಅಷ್ಟಾಗಿ ವಂಚಿಸುವುದಿಲ್ಲ. ವಂಚನೆ ಇರುವುದಾದರೆ ಅದು ಕಾಯುವಿಕೆಯ ವಿಷಯದಲ್ಲಿ. ಅಗಲಿಕೆ ಅಲ್ಲಿ ಮುಂದಿನ ಸುಖಕ್ಕೆ ಒಗ್ಗರಣೆ. ಲೇಖಕರನ್ನು ದೂರಿ ಫಲವಿಲ್ಲ. ಹತ್ತೊಂಬತ್ತು ವರ್ಷವನ್ನು ಹತ್ತೊಂಬತ್ತು ವರ್ಷವಾಗಿಯೇ ಬರೆದರೆ ಓದುವವರು ಯಾರು? ಕಾಲವನ್ನು ಕತ್ತರಿಸುವುದು ಕಥೆಗಾರನ ಕಸುಬು. ಆದರೆ ಪುಸ್ತಕ ಮುಚ್ಚಿದ ಮೇಲೂ ಆ ಕತ್ತರಿ ಓದುಗನ ಕೈಯಲ್ಲಿ ಉಳಿದುಕೊಂಡರೆ ಕೆಡುಕು. 'ಮಗ ಬೆಂಗಳೂರಿಗೆ ಹೋದ, ಹಬ್ಬಕ್ಕೆ ಬಂದ' ಎಂದು ನಾವು ಪೇಟೆಯ ಜನ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವಲ್ಲ, ಹೋದದ್ದಕ್ಕೂ ಬಂದದ್ದಕ್ಕೂ ನಡುವೆ ಆ ಮುದುಕಿ ದಿನವೂ ಒಲೆ ಹೊತ್ತಿಸಿದ್ದಾಳೆ, ಮಕ್ಕಳನ್ನು ಶಾಲೆಗೆ ಕಳಿಸಿದ್ದಾಳೆ, ಪೊರೆ ಬಂದ ಕಣ್ಣಿನಿಂದ ದಾರಿ ನೋಡಿದ್ದಾಳೆ. ಅದನ್ನು ಬಿಟ್ಟು ಓದುವ ಅಧಿಕಾರ ನಮಗೆ ಯಾರು ಕೊಟ್ಟರು?

"ಹಾಗಾದ್ರ ಕಥಿ ಬಿಟ್ಟು ಗುಳೆ ಹೋದವರ ಸರಕಾರಿ ವರದಿ ಓದ್ರಿ" ಎಂದು ಗಣಿತದ ಮಾಸ್ತರರು ಹೇಳಿಯಾರು. ವರದಿಯೂ ಬೇಕು. ಆದರೆ ವರದಿಯನ್ನು ಓದಿ ಯಾರೂ 'ಎಷ್ಟು ವರ್ಷ ಕಾದಳು' ಎಂದು ಕೇಳುವುದಿಲ್ಲ. ಅದು ಎಷ್ಟು ಮಂದಿ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಗಂಧರ್ವ ಕುಲದ ಹೆಣ್ಣೊಬ್ಬಳ ಕಲ್ಪಿತ ದುಃಖವನ್ನು ಕೇಳಿದಾಗಲೇ ಆ ಮುದುಕಿಗೆ ತನ್ನ ಏಳು ವರ್ಷ ನಾಲಿಗೆಗೆ ಬಂದದ್ದು. ಒಂದು ಸುಳ್ಳು ಕಥೆ ನಡುವೆ ಇಲ್ಲದಿದ್ದರೆ ಅಕ್ಕಪಕ್ಕ ಕುಳಿತ ಇಬ್ಬರು ದೇವದುರ್ಗದವರೆಗೆ ಕಿಟಕಿಯ ಹೊರಗೆ ನೋಡುತ್ತ ಹೋಗುತ್ತಿದ್ದರು.

ಬಾಣನ ಕಥೆ ಈ ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಗೆಲ್ಲುತ್ತದೆ ಎಂಬುದನ್ನೂ ಹೇಳಬೇಕು. ಚಂದ್ರಾಪೀಡ ಎದೆಯೊಡೆದು ಸತ್ತಾಗ ಕಾದಂಬರಿ ಅವನ ದೇಹವನ್ನು ಕಾಯುತ್ತ ಕುಳಿತುಕೊಳ್ಳುತ್ತಾಳೆ. ಅತ್ತ ಅವನು ಶೂದ್ರಕನಾಗಿ ಹುಟ್ಟಿ, ಬೆಳೆದು, ರಾಜನಾಗಿ ಮೆರೆಯುವವರೆಗೂ ಇತ್ತ ಕಾಯುವಿಕೆ ನಡೆದೇ ಇರುತ್ತದೆ. ಶಬ್ದಶಾಸ್ತ್ರಜ್ಞರು ಕ್ಷಮಿಸಬೇಕು, ಕನ್ನಡದ ಕಿವಿಗೆ ಆ ಹೆಸರಿನಲ್ಲಿ 'ಕಾದ' ಎಂಬುದೇ ಮೊದಲು ಕೇಳಿಸುತ್ತದೆ. ಇದನ್ನು ಬರೆಯುವ ಮೊದಲೇ ಬಾಣ ತೀರಿಕೊಂಡ. ಅಪ್ಪ ಅರ್ಧಕ್ಕೆ ಬಿಟ್ಟ ಕಥೆಗೆ ತನ್ನ ದಿನಗಳನ್ನು ಕೊಟ್ಟು ಮುಗಿಸಿದವನು ಅವನ ಮಗ.

ಆಯುಷ್ಯವನ್ನು ಕೊಡುವ ಮಾತು ನಮ್ಮ ಸೀಮೆಗೆ ಹೊಸದಲ್ಲ. ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು ತರುಣ ಪಂಡಿತರಾಗಿದ್ದಾಗ ವಿಜಯದಾಸರ ಕರೆಯನ್ನು ತಾತ್ಸಾರಮಾಡಿ, ಕಠಿಣ ಉದರರೋಗಕ್ಕೆ ಗುರಿಯಾದರಂತೆ. ಆಗ ದೇವದುರ್ಗದ ಕಡೆಯ ಮಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ದಾಸಪರಂಪರೆ ಹೇಳುತ್ತದೆ. 1809ರವರೆಗೆ ಬದುಕಿದ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಬರೆದರು. ನಂಬುವುದು ಬಿಡುವುದು ಅವರವರ ಭಕ್ತಿಗೆ ಬಿಟ್ಟದ್ದು. ಆದರೆ ನಮ್ಮ ಹಿರಿಯರ ಕಲ್ಪನೆ ಎಷ್ಟು ದೊಡ್ಡದು ನೋಡಿ! ವರ್ಷವೆಂಬುದು ಕಳೆಯುವ ವಸ್ತು ಮಾತ್ರವಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡಬಹುದಾದ ವಸ್ತು ಎಂದು ಅವರು ಕಂಡರು.

ಓದುಗನೂ ಕೊಡುವವನೇ. ಹುಟ್ಟದವರಿಗೆ, ಸಾಯದವರಿಗೆ ದಿನಕ್ಕೆರಡು ಗಂಟೆ ಆಯುಷ್ಯ ಎರೆಯುತ್ತಾನೆ. ಅದು ಪಾಪವಲ್ಲ, ಕೊಡುವ ಕೈಗೆ ಅದು ಅಭ್ಯಾಸ. ಇರುವವರ ಸರದಿ ಬಂದಾಗ ಆ ಕೈ ಹಿಂದಕ್ಕೆ ಸರಿಯದಿದ್ದರೆ ಮಾಸ್ತರರ ಲೆಕ್ಕದಲ್ಲಿ ಜಮಾ ಬಂದಂತೆ. ಪಕ್ಕದಲ್ಲಿ ಕುಳಿತವರನ್ನು ಎಷ್ಟು ವರ್ಷವಾಯಿತೆಂದು ಕೇಳಬೇಕು. ಅವರು 'ಏಳು' ಎಂದರೆ ಆ ಏಳನ್ನೂ ಒಂದೊಂದಾಗಿ ಹೇಳಿ ಮುಗಿಸುವವರೆಗೆ ಪುಟ ತಿರುಗಿಸದೆ ಕೂತಿರಬೇಕು.