ಸೊನ್ನೆಯನ್ನು ಓದಿದವರು

ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದದ್ದು ಮ್ಯೂಆನ್‌ಗಳನ್ನು ಎಣಿಸಲಿಕ್ಕೆ. ವಿಶ್ವಕಿರಣಗಳಿಂದ ಹುಟ್ಟಿ ಮೇಲಿನಿಂದ ಸುರಿಯುವ ಈ ಕಣಗಳು ಬಂಡೆಯೊಳಗೆ ಎಷ್ಟು ಆಳಕ್ಕೆ ತೂರಬಲ್ಲವು ಎಂಬುದು ಆಗಿನ ಪ್ರಶ್ನೆ. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆಳಕ್ಕೆ ಹೋದಷ್ಟೂ ಎಣಿಕೆ ಇಳಿಯುತ್ತ ಬಂತು. ಎರಡೂವರೆ ಕಿಲೋಮೀಟರಿಗೂ ಕೆಳಗೆ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಬರಲಿಲ್ಲ.

ಆ ಸೊನ್ನೆಯನ್ನು ಅವರು ಓದಿಕೊಂಡ ಬಗೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಮ್ಯೂಆನ್‌ಗಳ ಗದ್ದಲವಿಲ್ಲದ ಜಾಗ ಸಿಕ್ಕಿತು, ಇನ್ನು ನ್ಯೂಟ್ರಿನೊಗೆ ಕಾಯಬಹುದು ಎಂದುಕೊಂಡರು! ನ್ಯೂಟ್ರಿನೊ ಎಂಬ ಕಣಕ್ಕೆ ಬಂಡೆ ಲೆಕ್ಕಕ್ಕೇ ಇಲ್ಲ. ಸೂರ್ಯನಿಂದ ಹೊರಟವೇ ನಮ್ಮ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಕೋಟಿ ಹಾದುಹೋಗುತ್ತವೆ. ಗಣಿಯಲ್ಲಿ ಹುಡುಕಿದ್ದು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು. ಅಪರೂಪಕ್ಕೊಮ್ಮೆ ಅಂಥದ್ದೊಂದು ಬಂಡೆಗೆ ಬಡಿದು ಮ್ಯೂಆನ್ ಹುಟ್ಟಿಸುತ್ತದೆ. ಮೇಲಿನಿಂದ ಬಂದ ಮ್ಯೂಆನ್ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತದೆ. ಅಡ್ಡಲಾಗಿ ಹಾದದ್ದು ಕಂಡರೆ, ಅಷ್ಟು ದಪ್ಪ ಬಂಡೆ ದಾಟಿ ಬಂದು ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊವೇ ಆಗಿರಬೇಕು. 1965ರಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಅದನ್ನು ಅಲ್ಲಿ ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಕಂಡಿತು.

ಈಗ ಕಣಭೌತವಿಜ್ಞಾನಕ್ಕೆ ಬರಗಾಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಎರಡು ತಿಂಗಳು ನೆನಪಾಗುತ್ತವೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ 2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿತು. ಆಮೇಲೆ, ಈಗಿರುವ ಸಿದ್ಧಾಂತಕ್ಕೆ ಹೊರತಾದ ಮೂಲಕಣ ಒಂದೂ ಸಿಕ್ಕಿಲ್ಲ, ನಿಜ. ಕಪ್ಪುದ್ರವ್ಯ ಯಾವುದರಿಂದಾದದ್ದೋ ಗೊತ್ತಿಲ್ಲ. ಪ್ರತಿದ್ರವ್ಯವೆಲ್ಲ ಅಳಿದು ದ್ರವ್ಯ ಮಾತ್ರ ಏಕೆ ಉಳಿಯಿತೋ, ಅಂದರೆ ನಾವೇಕೆ ಇದ್ದೇವೋ, ಅದೂ ಗೊತ್ತಿಲ್ಲ. ಇಷ್ಟು ದೊಡ್ಡ ಪ್ರಶ್ನೆಗಳು ಎದುರಿಗಿರುವ ಕಾಲವನ್ನು ಬರಡು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರೋಟಾನಿಗೆ ಸಾವುಂಟೆ? ಕೋಲಾರದ ಅದೇ ಗಣಿಯಲ್ಲಿ 1980ರ ದಶಕದಲ್ಲಿ ಕಬ್ಬಿಣದ ರಾಶಿಯಿಟ್ಟು ಇದಕ್ಕೂ ಕಾದಿದ್ದರು. ಜಪಾನಿನ ಸೂಪರ್-ಕಮಿಯೋಕಾಂಡೆಯಲ್ಲಿ 50,000 ಟನ್ ನೀರು ತುಂಬಿಕೊಂಡು 1996ರಿಂದ ಕಾಯುತ್ತಿದ್ದಾರೆ. ಒಂದು ಪ್ರೋಟಾನ್ ಕೂಡ ಖಚಿತವಾಗಿ ಅಳಿದದ್ದು ಕಂಡಿಲ್ಲ. ಅದು ಅಳಿಯಬಹುದೆಂದು ಊಹಿಸಿದ ಒಂದು ಮುಖ್ಯ ದಾರಿಯಲ್ಲಿ, ಆಯಸ್ಸು 1ರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಗಳಿಗಿಂತ ಹೆಚ್ಚೆಂದು ತಿಳಿದದ್ದು ಹಾಗೆ. ವಿಶ್ವಕ್ಕೇ ಆಗಿರುವ ವಯಸ್ಸು 1,380 ಕೋಟಿ ವರ್ಷ. ಏನೂ ನಡೆಯದ ನೀರನ್ನು ಒಂದು ತಲೆಮಾರು ನೋಡಿದ್ದಕ್ಕೆ ಇಷ್ಟು ಗೊತ್ತಾಯಿತು. ಜಪಾನಿನಲ್ಲೇ ಈಗ ಇನ್ನೂ ದೊಡ್ಡ ತೊಟ್ಟಿ ಕಟ್ಟುತ್ತಿದ್ದಾರೆ.