ಬಾಯಿಗೆ ಸೇರದ್ದು, ಮೈಗೆ ಹತ್ತದ್ದು

ಅಕ್ಕನ ಮಗಳು ದೋಸೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಐನೂರರ ನೋಟು ಅಸಲಿಯೋ ನಕಲಿಯೋ ಎಂದು ಅಂಗಡಿಯವರು ನೋಡುತ್ತಾರಲ್ಲ, ಹಾಗೆ ಒಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಚಿಕ್ಕಮ್ಮ, ಏನ್ ಹಾಕಿದ್ದೀಯ ಇದಕ್ಕೆ?"

"ಏನೂ ಇಲ್ಲ ಕಣೇ, ತಿನ್ನು."

ಹಾಕಿದ್ದು ಎರಡು ಚಮಚ ನುಗ್ಗೆಸೊಪ್ಪಿನ ಪುಡಿ. ನೆರಳಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಕಳ್ಳಸಾಗಣೆಯವರ ಎಚ್ಚರದಲ್ಲಿ ಹಿಟ್ಟಿಗೆ ಬೆರೆಸಿದ್ದೆ. ಎಲ್ಲೋ ಒಂದು ಹಸಿರು ಚುಕ್ಕೆ ತಪ್ಪಿಸಿಕೊಂಡಿತ್ತು. ಅವಳು ಜಗಳವಾಡಲಿಲ್ಲ. ತಟ್ಟೆ ಸರಿಸಿ ಎದ್ದು ಕಾಲೇಜಿಗೆ ಹೊರಟಳು. ಆಮೇಲೆ ಹದಿನೈದು ದಿನ ನನ್ನ ಕೈಯ ದೋಸೆ ಮುಟ್ಟಲಿಲ್ಲ.

ಪಿಯುಸಿ ಓದಲು ಹಾಸನದ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದು ನಮ್ಮ ಮನೆಯಲ್ಲಿದ್ದ ಹುಡುಗಿ ಅವಳು. ಸೊಪ್ಪು ಸೇರಲ್ಲ. ಕಾಳು ಸೇರಲ್ಲ. ಮುದ್ದೆ ಗಂಟಲಲ್ಲಿ ಇಳಿಯಲ್ಲ. ಕೋಳಿಸಾರಿನಲ್ಲಿ ರಸ ಸಾಕು, ಪೀಸು ಬೇಡ. ಬದನೆಕಾಯಿ ಕಂಡರೇ ವಾಕರಿಕೆ. ಕೊನೆಗೆ ಉಳಿದದ್ದು ಚಿತ್ರಾನ್ನ, ದೋಸೆ, ಮೊಸರನ್ನ, ಚುರುಮುರಿ, ಕಾಫಿ. ಇಷ್ಟೇ. ಆ ಐದರಲ್ಲಿ ಒಂದನ್ನು ನನ್ನ ಜಾಣತನದಿಂದ ನಾನೇ ಕಳೆದಿದ್ದೆ.

ನಮ್ಮಮ್ಮ ಇದ್ದಿದ್ದರೆ ಇದಕ್ಕೆಲ್ಲ ಒಂದೇ ಹೆಸರಿಡುತ್ತಿದ್ದಳು: ಸೊಕ್ಕು. ಎರಡು ದಿನ ಉಪವಾಸ ಕೆಡವಿದರೆ ಎಲ್ಲ ಸೇರುತ್ತೆ ಅನ್ನುತ್ತಿದ್ದಳು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡವಳೇ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ನುಗ್ಗೆಸೊಪ್ಪಿನ ಉಸಾಬರಿಗೆ ನಾನು ಹೋದದ್ದಕ್ಕೆ ಕಾರಣವಿತ್ತು. ಕಾಲೇಜಿನಲ್ಲಿ ರಕ್ತ ಪರೀಕ್ಷೆ ಮಾಡಿ ಒಂದು ಚೀಟಿ ಕೊಟ್ಟು ಕಳಿಸಿದ್ದರು. ಹಿಮೋಗ್ಲೋಬಿನ್ 9.4. ಅವಳ ವಯಸ್ಸಿನವರಿಗೆ 12 ಇರಬೇಕು. ಅದೇ ವಾರ ಅವಳ ಜಾಮಿಟ್ರಿ ಬಾಕ್ಸಿನಲ್ಲಿ ಪೆನ್ಸಿಲ್ ಹುಡುಕಲು ಹೋದಾಗ ಬಳಪದ ತುಂಡುಗಳು ಸಿಕ್ಕವು. ಸ್ಲೇಟೇ ಇಲ್ಲದ ಮನೆಯಲ್ಲಿ ಬಳಪ! ಒಂದೊಂದರ ತುದಿಯಲ್ಲೂ ಹಲ್ಲಿನ ಗುರುತು. ಕೇಳಿದರೆ ತಲೆ ತಗ್ಗಿಸಿ, "ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ ಚಿಕ್ಕಮ್ಮ, ತಡೆಯೋಕಾಗಲ್ಲ" ಎಂದಳು.

ಸೊಪ್ಪು ಸೇರದ ಬಾಯಿಗೆ ಬಳಪ ಹೇಗೆ ಸೇರಿತು? ಬಸುರಿಯರ ಬಯಕೆಯ ವಿಷಯದಲ್ಲಿ ನಾವು ಇದನ್ನು ಕಂಡಿದ್ದೇವೆ. ಹಸಿ ಅಕ್ಕಿ, ಒಲೆಯ ಮಣ್ಣು, ವಿಭೂತಿ, ಸೀಮೆಸುಣ್ಣ. ಅದನ್ನು ಮುದ್ದಿನ ವಿಷಯ ಮಾಡಿಕೊಂಡು ನಗುತ್ತೇವೆ. ವೈದ್ಯರು ಇದನ್ನು ಪೈಕಾ ಅನ್ನುತ್ತಾರೆ. ಮೈಯಲ್ಲಿ ಕಬ್ಬಿಣದ ಅಂಶ ಬತ್ತಿದವರಲ್ಲಿ ಇದು ಹೆಚ್ಚು. ಬಳಪದಲ್ಲಿ ಮೈಗೆ ಹತ್ತುವ ಕಬ್ಬಿಣವೇನೂ ಇಲ್ಲ. ದೇಹ ಏನನ್ನೋ ಬೇಡುತ್ತದೆ, ನಾಲಗೆಗೆ ಅದರ ಹೆಸರು ಗೊತ್ತಿಲ್ಲ, ಸಿಕ್ಕಿದ್ದನ್ನು ಕಡಿಯುತ್ತದೆ. ನಾನು ಕರೆದುಕೊಂಡು ಹೋದ ಡಾಕ್ಟರು ಇನ್ನೊಂದು ಸಂಗತಿ ಹೇಳಿದರು. ಅವಳ ನಾಲಗೆ ನೋಡಿ, "ಖಾರ ತಾಗಿದರೆ ಉರಿಯುತ್ತಾ?" ಎಂದು ಕೇಳಿದರು. ಹೌದು ಎಂದಳು. ಕಬ್ಬಿಣ ಕಡಿಮೆಯಾದವರ ನಾಲಗೆ ನುಣ್ಣಗಾಗಿ ಉರಿಯಬಹುದಂತೆ, ಹಸಿವೂ ಸಾಯಬಹುದಂತೆ. ಅಂದರೆ ತಿನ್ನದೆ ಇದ್ದುದರಿಂದ ರಕ್ತ ಕಡಿಮೆಯಾಯಿತು, ರಕ್ತ ಕಡಿಮೆಯಾದದ್ದರಿಂದ ತಿನ್ನಲಾಗಲಿಲ್ಲ. ಈ ಸುಳಿಯ ನಡುವೆ ನಿಂತಿದ್ದ ಹುಡುಗಿಯನ್ನು ನಾವು ಸೊಕ್ಕಿನವಳು ಅಂದುಕೊಂಡಿದ್ದೆವು.

ನಮ್ಮ ಕಡೆ ಊಟದ ಬಗ್ಗೆ ಎರಡು ಮಾತಿವೆ. ಒಂದು ಸೇರುವುದು, ಇನ್ನೊಂದು ಹತ್ತುವುದು. ನಾಲಗೆಗೆ ಸೇರಬೇಕು, ಮೈಗೆ ಹತ್ತಬೇಕು. "ಎಷ್ಟು ತಿಂದರೂ ಮೈಗೆ ಹತ್ತಲ್ಲ" ಎಂದು ಅಜ್ಜಿಯರು ಹೇಳುತ್ತಿದ್ದುದು ಕಬ್ಬಿಣದ ಮಟ್ಟಿಗಂತೂ ಅಕ್ಷರಶಃ ನಿಜ. ದೊಡ್ಡವರ ದೇಹದಲ್ಲಿ ಇರುವ ಕಬ್ಬಿಣವೆಲ್ಲ ಸೇರಿ 3–4 ಗ್ರಾಂ, ಒಂದು ಮೊಳೆಯ ತೂಕ. ದೇಹ ಇದನ್ನು ಜಿಪುಣ ಸಂಸಾರಸ್ಥರ ಹಾಗೆ ಕಾಪಾಡಿಕೊಳ್ಳುತ್ತದೆ. ಕೆಂಪು ರಕ್ತಕಣಗಳ ಆಯಸ್ಸು 120 ದಿನ. ಸತ್ತ ಕಣಗಳನ್ನು ಗುಜರಿಗೆ ಹಾಕಿ ಅವುಗಳ ಕಬ್ಬಿಣ ತೆಗೆದು ಹೊಸದಕ್ಕೆ ಬಳಸುತ್ತದೆ. ಹಾಗಾಗಿ ದಿನಕ್ಕೆ ಹೊಸದಾಗಿ ಬೇಕಾಗುವುದು ಒಂದೆರಡು ಮಿಲಿಗ್ರಾಂ ಮಾತ್ರ. ಆದರೆ ಅಷ್ಟು ಹತ್ತಬೇಕಾದರೆ ತಟ್ಟೆಯಲ್ಲಿ ಅದರ ಎಷ್ಟೋ ಪಟ್ಟು ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸರಿಗೆ 29. ಈ ಹತ್ತು ಮಿಲಿಗ್ರಾಂ ಅಂತರ ತಿಂಗಳು ತಿಂಗಳು ಹರಿದುಹೋಗುವ ರಕ್ತದ ಬಾಬ್ತು.

ನಾನು ಸೊಪ್ಪಿನ ಹಿಂದೆ ಬಿದ್ದದ್ದು ಅರ್ಧ ತಿಳಿದು. ಪಕ್ಕದ ಮನೆಯವರು ಬೀಟ್‌ರೂಟ್ ಜ್ಯೂಸ್ ಕೊಡಿ ಎಂದರು. ಕೆಂಪಗಿದ್ದದ್ದೆಲ್ಲ ರಕ್ತವಾಗುವ ಹಾಗಿದ್ದರೆ ಕುಂಕುಮ ಕಲಸಿ ಕುಡಿಸಬಹುದಿತ್ತು. ನೂರು ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ನಾವು ದನಕ್ಕೆ ಬೇಯಿಸಿ ಹಾಕುವ ಹುರುಳಿಯಲ್ಲಿ 8ಕ್ಕಿಂತ ಹೆಚ್ಚು. ಎಳ್ಳಿನಲ್ಲಿ ಅದಕ್ಕೂ ಹೆಚ್ಚು. ಹುಡುಗಿ ದೊಡ್ಡವಳಾದಾಗ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ತಿನ್ನಿಸುತ್ತಿದ್ದ ಹೆಂಗಸರಿಗೆ ಮಿಲಿಗ್ರಾಂ ಗೊತ್ತಿರಲಿಲ್ಲ, ರಕ್ತ ಹೋಗುವುದು ಗೊತ್ತಿತ್ತು.

ಮಾಂಸದಲ್ಲಿರುವ ಕಬ್ಬಿಣ ಬಾಗಿಲು ತಟ್ಟದೆ ಒಳಗೆ ಬರುವ ನೆಂಟನ ಹಾಗೆ, ಸುಲಭವಾಗಿ ಹತ್ತುತ್ತದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣಕ್ಕೆ ಜೊತೆಗೊಬ್ಬ ಪರಿಚಯದವರು ಬೇಕು. ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣು. ಊಟದ ಬೆನ್ನಿಗೇ ಬರುವ ಕಾಫಿ, ಟೀ ಅದನ್ನು ಹೊಸ್ತಿಲಲ್ಲೇ ತಡೆಯುತ್ತವೆ. ಕಾಳನ್ನು ನೆನೆಸಿ ಮೊಳಕೆ ಕಟ್ಟಿದರೆ, ಹಿಟ್ಟನ್ನು ಹುಳಿ ಬರಿಸಿದರೆ, ಕಬ್ಬಿಣವನ್ನು ಬಿಗಿಹಿಡಿದ ಗಂಟು ಸಡಿಲವಾಗುತ್ತದೆ. ಇದನ್ನೆಲ್ಲ ಡಾಕ್ಟರು ಹೇಳುತ್ತಿದ್ದಾಗ ನನಗೆ ಹೊಳೆದದ್ದು ಇಷ್ಟು: ಹುಡುಗಿಯ ಐದು ಪದಾರ್ಥಗಳ ಪಟ್ಟಿ ನಾನು ಅಂದುಕೊಂಡಷ್ಟು ಬಡ ಪಟ್ಟಿಯಲ್ಲ. ಚಿತ್ರಾನ್ನದಲ್ಲಿ ಆಗಲೇ ನಿಂಬೆಹುಳಿ ಇದೆ, ಕಡಲೆಬೀಜ ಇದೆ. ದೋಸೆಹಿಟ್ಟು ಹುಳಿ ಬಂದದ್ದೇ. ಚುರುಮುರಿಗೆ ಹುರಿಗಡಲೆ ಹೆಚ್ಚು ಹಾಕಿದರೆ ಬೇಡ ಅನ್ನುವವರು ಯಾರು? ಅವಳ ನಾಲಗೆಯನ್ನು ತಿದ್ದಲು ಹೊರಟಿದ್ದ ನಾನು ಅವಳು ತಿನ್ನುವುದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಬೇಡ ಅಂದದ್ದನ್ನೇ ಎಣಿಸುತ್ತಾ ಕೂತಿದ್ದೆ.

ಒಂದು ಸಂಜೆ ಎದುರು ಕೂರಿಸಿಕೊಂಡು ನುಗ್ಗೆಪುಡಿ ಹಾಕಿದ್ದು ನಿಜ, ಸುಳ್ಳು ಹೇಳಿದೆ ಎಂದೆ. ದೊಡ್ಡವರು ಮಕ್ಕಳೆದುರು ತಪ್ಪೊಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆ, ಅವಳಿಗೇ ಮುಜುಗರವಾಯಿತು. ಆಮೇಲೆ ಅವಳೂ ಒಂದು ಒಪ್ಪಿಕೊಂಡಳು. ಹೈಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರಂತೆ, ಹೊಟ್ಟೆ ತೊಳಸುತ್ತೆ ಎಂದು ಇವಳು ಕಿಟಕಿಯಿಂದ ದಾಸವಾಳದ ಗಿಡಕ್ಕೆ ಎಸೆಯುತ್ತಿದ್ದಳಂತೆ. ಆ ಗಿಡಕ್ಕಂತೂ ರಕ್ತಹೀನತೆ ಇರಲಾರದು. ಇಷ್ಟು ಕೆಳಗಿಳಿದ ಮೇಲೆ ಬರೀ ಊಟದಿಂದ ಬೇಗ ಮೇಲೆ ಬರುವುದಿಲ್ಲ, ಮಾತ್ರೆ ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರು. ದಿನ ಬಿಟ್ಟು ದಿನ ತಗೊ, ಹೊಟ್ಟೆಗೂ ಹಿತ, ಹತ್ತುವುದೂ ಚೆನ್ನಾಗಿ ಎಂದಿದ್ದರು. ಮಲ ಕಪ್ಪಗಾದರೆ ಹೆದರಬೇಡ ಅಂತಲೂ ಹೇಳಿದ್ದರು. ಆ ಮಾತು ಶಾಲೆಯಲ್ಲಿ ಯಾರಾದರೂ ಅವಳಿಗೆ ಹೇಳಿದ್ದರೆ ದಾಸವಾಳದ ಪಾಲು ಅವಳಿಗೆ ಸಿಗುತ್ತಿತ್ತೇನೋ.

ಹೇಳದೆ ಬೆರೆಸುವ ಚಾಳಿ ನನ್ನೊಬ್ಬಳದಲ್ಲ. ಆ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಸೊಸೈಟಿ ಅಕ್ಕಿ ಆರಿಸುತ್ತಿದ್ದಳು. ಕಲ್ಲು ಆರಿಸಿ ಒಂದು ಕಡೆ ಹಾಕಿದ್ದಳು. ಇನ್ನೊಂದು ಕಡೆ ಅಕ್ಕಿಕಾಳುಗಳನ್ನೇ ಗುಡ್ಡೆ ಹಾಕಿದ್ದಳು, ಸ್ವಲ್ಪ ಹಳದಿ ಛಾಯೆಯವು, ಅಚ್ಚಿಗೆ ಹಾಕಿದ ಹಾಗೆ ಎಲ್ಲ ಒಂದೇ ಅಳತೆ. "ಪ್ಲಾಸ್ಟಿಕ್ ಅಕ್ಕಿ ಕಣೇ, ಬಡವರಿಗೆ ಏನ್ ಬೇಕಾದ್ರೂ ಕೊಡ್ತಾರೆ" ಎಂದಳು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿದ ಸಾರವರ್ಧಿತ ಅಕ್ಕಿ. ನೂರು ಕಾಳಿಗೊಂದರಂತೆ ಬೆರೆಸಿರುತ್ತಾರೆ. ಹೆಂಗಸರ ರಕ್ತಹೀನತೆಗೆಂದೇ ಸರ್ಕಾರ ಕಳಿಸಿದ ಕಬ್ಬಿಣವನ್ನು ಮನೆಯ ಹೆಂಗಸು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದಾಗಿ ಆರಿಸಿ ಕೋಳಿಗೆ ಹಾಕುತ್ತಿದ್ದಳು. ನಾನು ನಗಲು ಹೋಗಿ ಸುಮ್ಮನಾದೆ. ದೋಸೆಯನ್ನು ಬೆಳಕಿಗೆ ಹಿಡಿದ ಹುಡುಗಿಯ ತಾಯಿ ಅವಳು. ಇಬ್ಬರೂ ಮೋಸ ಹೋಗಬಾರದೆಂದು ಹೊರಟವರು.

ಬೇಡ ಅನ್ನುವ ಹಕ್ಕಿನ ಬಗ್ಗೆ ಇನ್ನೊಂದು ಮಾತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆಯಲ್ಲಿ ಕಬ್ಬಿಣ ಅಂಥ ಹೆಚ್ಚೇನೂ ಇಲ್ಲ, ಅದರ ಬಲ ಬೇರೆ. ಆದರೂ ನನಗೆ ಸೇರಲ್ಲ ಅನ್ನುವುದಕ್ಕೂ ನಿನ್ನ ತಟ್ಟೆಗೂ ಬರಕೂಡದು ಅನ್ನುವುದಕ್ಕೂ ಇರುವ ದೂರ ಅಳತೆಗೆ ಸಿಗದಷ್ಟು. ನನ್ನ ಅಕ್ಕನ ಮಗಳು ಇಷ್ಟೆಲ್ಲ ಬೇಡ ಅಂದರೂ ಯಾರ ತಟ್ಟೆಯಿಂದಲೂ ಏನನ್ನೂ ಎತ್ತಿ ಬಿಸಾಡಿದವಳಲ್ಲ.

ಮಗಳನ್ನು ಎರಡನೇ ಸಲ ತೋರಿಸಲು ಹೋದಾಗ ಅಕ್ಕನೂ ಬಂದಿದ್ದಳು. ದಾರಿಯುದ್ದಕ್ಕೂ ಮಗಳಿಗೆ ಬುದ್ಧಿವಾದ. "ನನ್ನ ನೋಡು, ಏನು ಕೊಟ್ರೂ ತಿಂತೀನಿ, ಇವತ್ತಿನವರೆಗೂ ಒಂದು ದಿನ ಬೇಡ ಅಂದಿಲ್ಲ." ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತಳು. ಡಾಕ್ಟರು ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ ಯಾಕೋ ಅಕ್ಕನನ್ನು ಒಂದು ಗಳಿಗೆ ನೋಡಿ, "ಅಮ್ಮ, ನೀವು ಬನ್ನಿ ಇಲ್ಲಿ" ಎಂದು ಅವಳ ರೆಪ್ಪೆಯನ್ನೂ ಎಳೆದರು. ಕೆಂಪಗಿರಬೇಕಾದ ಕಡೆ ತೊಳೆದ ಬಟ್ಟೆಯ ಹಾಗೆ ಬಿಳಿ.

ಅಕ್ಕನ ಹಿಮೋಗ್ಲೋಬಿನ್ 7.1.

ಅದೂ ಬೇಡ ಇದೂ ಬೇಡ ಅಂದ ಮಗಳಿಗಿಂತ ಬೇಡ ಅನ್ನದ ತಾಯಿಯ ರಕ್ತ ಕಡಿಮೆ. ಮೂರು ವರ್ಷದಿಂದ ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಿತ್ತಂತೆ, ಈ ವಯಸ್ಸಿಗೆ ಹಾಗೇ ಎಂದು ಸುಮ್ಮನಿದ್ದಳಂತೆ. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋದ ಹಾಗೆ. ಯಾವ ಸೊಪ್ಪಿನ ಸಾರು ಅದನ್ನು ತುಂಬಿಕೊಡುತ್ತದೆ? ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಬಲ್ಲವನಿಗೆ ಇರಲಿಕ್ಕಿಲ್ಲ. ಊಟ ಬಲ್ಲವಳು ನಮ್ಮ ಅಕ್ಕ. ಯಾರಿಗೆ ಉಪ್ಸಾರು, ಯಾರಿಗೆ ಬಸ್ಸಾರು, ಯಾರಿಗೆ ಖಾರ ಕಡಿಮೆ, ಎಲ್ಲ ಬಲ್ಲಳು. ಭಾನುವಾರ ಕುರಿ ತಂದರೆ ಲಿವರ್ ಪೀಸುಗಳನ್ನು ಸೌಟಿನಲ್ಲಿ ಹುಡುಕಿ ಭಾವನ ತಟ್ಟೆಗೆ, ಮಗನ ತಟ್ಟೆಗೆ ಹಾಕುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ಎಲ್ಲರೂ ಎದ್ದ ಮೇಲೆ ಪಾತ್ರೆಯಲ್ಲಿ ಉಳಿದ ರಸ ಅವಳದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ 25. ಆ ಅಂತರದಲ್ಲಿ ನಮ್ಮ ಅಡುಗೆಮನೆಯ ಸೌಟೂ ಇದೆ.

ಬೇಡ ಅನ್ನುವವರು ಕಣ್ಣಿಗೆ ಬೀಳುತ್ತಾರೆ. ಅವರ ಹಿಂದೆ ಒಂದು ಮನೆಯೇ ತಟ್ಟೆ ಹಿಡಿದು ಓಡಾಡುತ್ತದೆ, ಬೈದಾದರೂ ಸರಿ. ಮಗಳ ಬೇಡಗಳನ್ನು ನಾನು ಬೆರಳು ಮಡಚಿ ಲೆಕ್ಕವಿಟ್ಟಿದ್ದೆ. ಅಕ್ಕ ಏನು ತಿನ್ನುತ್ತಾಳೆಂದು ನೋಡಿದವರು ಯಾರೂ ಇರಲಿಲ್ಲ, ಒಡಹುಟ್ಟಿದ ನಾನೂ ಸೇರಿ.

ಅಕ್ಕನಿಗೆ ಡ್ರಿಪ್‌ನಲ್ಲಿ ಕಬ್ಬಿಣ ಏರಿಸಿದರು. ರಕ್ತ ಹೋಗುವುದಕ್ಕೆ ಚಿಕಿತ್ಸೆ ಶುರುವಾಯಿತು. ವಿಶ್ರಾಂತಿಗೆಂದು ತಿಂಗಳು ನಮ್ಮ ಮನೆಯಲ್ಲಿ ಉಳಿಸಿಕೊಂಡೆ. ಅಷ್ಟರಲ್ಲಿ ಹುಡುಗಿಯ ಜಾಮಿಟ್ರಿ ಬಾಕ್ಸಿನಲ್ಲಿ ಬಳಪ ಕಾಣುವುದು ನಿಂತಿತ್ತು. ಕಾಫಿಯನ್ನು ತಿಂಡಿ ಮುಗಿದ ಒಂದು ಗಂಟೆಯ ನಂತರಕ್ಕೆ ಮುಂದೂಡಿದ್ದಳು, ಗೊಣಗುತ್ತಲೇ. ಹೆಸರುಕಾಳು ರುಬ್ಬಿದ ದೋಸೆಯನ್ನು, ಅದರಲ್ಲಿ ಹೆಸರುಕಾಳಿದೆ ಎಂದು ಗೊತ್ತಿದ್ದೇ ತಿನ್ನುತ್ತಿದ್ದಳು. ಸೊಪ್ಪು ಇವತ್ತಿಗೂ ಸೇರಲ್ಲ.

ಡಿಸೆಂಬರ್ ತಿಂಗಳು. ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿ ಬಂದಿತ್ತು. ಅಕ್ಕನ ಬಾಯಿಗೆ ಹಿತವಾಗಲಿ ಎಂದು ಎರಡು ಕೆಜಿ ತಂದು, ಸಂಜೆ ಮೂವರೂ ಕೂತು ಬಿಡಿಸಿದೆವು. ನೆನೆಸಿದ ಕಾಳನ್ನು ಬೆಳಿಗ್ಗೆ ಅಕ್ಕ ಹಿತಕುತ್ತಾ ಕೂತಿದ್ದಳು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ನಲವತ್ತು ವರ್ಷದ ಕೈ, ನೋಡದೆಯೇ ನಡೆಯುತ್ತಿತ್ತು.

"ಹಿತಕವರೆ ಸಾರು ಮಾಡ್ಲಾ ಅಕ್ಕ, ಇಲ್ಲಾ ಉಪ್ಪಿಟ್ಟಿಗೆ ಹಾಕ್ಲಾ? ನಿಂಗೆ ಯಾವ್ದಿಷ್ಟ?"

"ಯಾವ್ದಾದ್ರೂ ಮಾಡೇ."

"ಯಾವ್ದಾದ್ರೂ ಬೇಡ. ನಿಂಗ್ಯಾವ್ದು ಬೇಕು ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ಮೆಲ್ಲಗೆ, "ನಂಗೆ ಅವರೆಕಾಳು ಅಷ್ಟೊಂದು ಸೇರಲ್ಲ ಕಣೇ" ಎಂದಳು.

"ಯಾವಾಗಿಂದ?"

"ಮೊದ್ಲಿಂದ್ಲೂ."

ಮಗಳು ಬೊಗಸೆಯ ಚುರುಮುರಿಯನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದು ತಾಯಿಯ ಮುಖ ನೋಡಿದಳು. "ಮತ್ತೆ ನಿಂಗೇನಿಷ್ಟಮ್ಮ?" ಎಂದು ಕೇಳಿದಳು.

ಅಕ್ಕ ಯೋಚಿಸತೊಡಗಿದಳು. ಕೈ ಮಾತ್ರ ಕಾಳು ಹಿತಕುತ್ತಲೇ ಇತ್ತು.