ಮುಡಿಪು ಕಟ್ಟಿಸಿದ ಹುಳ

ಕುಮಾರಸ್ವಾಮಿ ಲೇಔಟ್ ಎರಡನೇ ಹಂತದಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆ ಇನ್ನೂ ಒಂದು ಖಾಲಿ ಸೈಟು ಉಳಿದಿದೆ. ಮಳೆ ಹಿಡಿದರೆ ಅಲ್ಲಿ ಸೊಂಟದೆತ್ತರ ಹುಲ್ಲು, ನಮ್ಮ ಟ್ಯೂಬ್‌ಲೈಟಿನ ಕೆಳಗೆ ಹುಳಗಳ ಜಾತ್ರೆ. ಹೋದ ವರ್ಷ ಅಂಥದೊಂದು ರಾತ್ರಿ ಕುತ್ತಿಗೆಯ ಮೇಲೆ ಏನೋ ಹರಿದಂತಾಯಿತು. ನಿದ್ದೆಗಣ್ಣಲ್ಲಿ ಉಜ್ಜಿಹಾಕಿ ಮಗ್ಗುಲಾದೆ. ಮಾರನೆಯ ಸಂಜೆ ನೋಡಿದರೆ ಕುತ್ತಿಗೆಯಿಂದ ಹೆಗಲಿಗೆ ಬರೆ ಎಳೆದಂತೆ ಕೆಂಪು ಪಟ್ಟೆ, ಅದರ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆ.

“ಸರ್ಪಸುತ್ತು ಕಣೋ,” ಅಂದಳು ಅಮ್ಮ. ತಲೆ ಬಾಲ ಕೂಡುವುದಕ್ಕೆ ಮೊದಲು ಕುಕ್ಕೆ ಸುಬ್ಬಪ್ಪನಿಗೆ ಹೇಳಿಕೊಳ್ಳಬೇಕೆಂದು ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಗಂಟು ಹಾಕಿ ದೇವರ ಮುಂದಿಟ್ಟಳು. ಚರ್ಮದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ರಾತ್ರಿ ಹುಳ ಏನಾದರೂ ಉಜ್ಜಿದಿರಾ?”

ಆ ಹುಳ ಕಚ್ಚುವುದಿಲ್ಲ, ಕುಟುಕುವುದಿಲ್ಲ. ನಾವು ಅರೆದರೆ ಅದರ ಮೈರಸದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮ ಸುಡುತ್ತದೆ. ಆ ವಿಷವೂ ಅದರ ಸ್ವಂತದ್ದಲ್ಲ, ಹುಳದ ಮೈಯೊಳಗೆ ಬಾಡಿಗೆಗಿರುವ ಬ್ಯಾಕ್ಟೀರಿಯಾ ತಯಾರಿಸುವುದು. ಬೆಂಗಳೂರಿಗೆ ಒಪ್ಪುವ ಹುಳ.

ಗಾಯ ಮಾಯುವಷ್ಟರಲ್ಲಿ ನನಗೆ ಅದರ ಹುಚ್ಚು ಹಿಡಿದಿತ್ತು. ಮುಂದಿನ ಮಳೆಗೆ ಒಂದನ್ನು ಗಾಜಿನ ಲೋಟ ಬೋರಲು ಹಾಕಿ ಹಿಡಿದೆ. ಒಂದು ಸೆಂಟಿಮೀಟರ್ ಕೂಡ ಇಲ್ಲ. ಕಪ್ಪು ತಲೆ, ಕಿತ್ತಳೆ ಕತ್ತು, ಮತ್ತೆ ಕಿತ್ತಳೆ ಹೊಟ್ಟೆ, ಬಾಲದ ತುದಿಗೆ ಮಸಿ. ನಡುವೆ ನೀಲಿ ಮಿಂಚುವ ಎರಡು ಪುಟ್ಟ ಚಿಪ್ಪು, ಬೆಳೆದ ಹುಡುಗನಿಗೆ ಹಳೆಯ ಗಿಡ್ಡ ಕೋಟು ತೊಡಿಸಿದ ಹಾಗೆ. ಲೋಟ ತಟ್ಟಿದರೆ ಚೇಳಿನಂತೆ ಬಾಲ ಎತ್ತುತ್ತದೆ. ಇಷ್ಟಗಲದ ಕೋಟಿನೊಳಗೆ ಹಾರುವ ರೆಕ್ಕೆ ಹೇಗೆ ಅಡಗಿತು? ಜಪಾನಿನ ಸಂಶೋಧಕರು ಈ ವಂಶದ ದುಂಬಿಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು 2014ರಲ್ಲಿ ಪ್ರಕಟಿಸಿದರು: ಎಡರೆಕ್ಕೆಯ ಮಡಿಕೆ ಒಂದು ಬಗೆ, ಬಲರೆಕ್ಕೆಯದು ಇನ್ನೊಂದು ಬಗೆ. ಹೊಟ್ಟೆಯನ್ನೇ ಕೈಯಂತೆ ಆಡಿಸಿ ಒಳಗೆ ತುರುಕಿಕೊಳ್ಳುತ್ತದೆ. ಸೀರೆ ಮಡಿಸಲು ಇಬ್ಬರು ಬೇಕಾಗುವ ನಮ್ಮ ಮನೆಯಲ್ಲಿ ಇದನ್ನು ಹೇಳಿದೆ, ಯಾರೂ ನಂಬಲಿಲ್ಲ.

ಇಂಗ್ಲಿಷಿನಲ್ಲಿ ಇದು ರೋವ್ ಬೀಟಲ್. ಸ್ಟ್ಯಾಫಿಲಿನಿಡೀ ಎಂಬ ಈ ಕುಟುಂಬದಲ್ಲಿ ಹೆಸರು ಪಡೆದ ಪ್ರಭೇದಗಳೇ 60,000 ದಾಟಿವೆ. ನಮ್ಮ ದೀಪದ ಹುಳದ ಬಳಗದ ಪೀಡೆರಸ್ ಫುಸ್ಕಿಪೀಸ್ ಇಂಗ್ಲೆಂಡಿನಿಂದ ಜಪಾನಿನವರೆಗೆ ಹರಡಿದೆ. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ತಿಂದು ರೈತನ ಕಡೆಯೇ ನಿಲ್ಲುತ್ತದೆ. ಅದೇ ಕುಟುಂಬದಲ್ಲಿ, ಮಲೆಗಳ ನೆತ್ತಿಯ ಕಾಡಿನ ತರಗೆಲೆಯಡಿ ಇರುವ ಎಷ್ಟೋ ದುಂಬಿಗಳಿಗೆ ಹಾರಲು ರೆಕ್ಕೆಯೇ ಉಳಿದಿಲ್ಲ. ತೇವ, ಕೊಳೆತ ಎಲೆ, ಎಲೆಯ ಮರೆಯ ಬೇಟೆ, ಎಲ್ಲ ಕಾಲಬುಡದಲ್ಲೇ ಸಿಕ್ಕಮೇಲೆ ಹಾರುವುದು ಯಾತಕ್ಕೆ? ಮದೀರಾ ದ್ವೀಪದ 550 ದುಂಬಿ ಪ್ರಭೇದಗಳಲ್ಲಿ 200 ಹಾರಲಾರವೆಂದು ಕೀಟತಜ್ಞ ವೊಲಾಸ್ಟನ್ ಕಂಡದ್ದನ್ನು ಡಾರ್ವಿನ್ 1859ರಲ್ಲೇ ಬರೆದ. ಅಲ್ಲಿ ಸುತ್ತ ಕಡಲು. ಇಲ್ಲಿ ನಮ್ಮ ಘಟ್ಟದ ನೆತ್ತಿಯಲ್ಲಿ ಒಂದು ಶೋಲೆಕಾಡಿಗೂ ಇನ್ನೊಂದಕ್ಕೂ ನಡುವೆ ಬಿಸಿಲು ಕಾಯುವ ಹುಲ್ಲುಬೋರೆ. ಎರಡು ಮಿಲಿಮೀಟರ್ ಜೀವಕ್ಕೆ ಅದೂ ಕಡಲೇ.

ಹಾಗಾಗಿ ಇವುಗಳ ಹಂಚಿಕೆ ತೋರಿಸುವ ನಕ್ಷೆ ವಿಚಿತ್ರ. ಒಂದಕ್ಕೆ ಅರ್ಧ ಭೂಗೋಳ, ಒಂದಕ್ಕೆ ಒಂದೇ ಚುಕ್ಕೆ. ಬ್ರಿಟಿಷ್ ನೌಕಾಪಡೆಯ ವೈದ್ಯನಾಗಿದ್ದ ಮಾಲ್ಕಮ್ ಕ್ಯಾಮರಾನ್ 1930ರಿಂದ 1939ರವರೆಗೆ ಭಾರತದ ಈ ದುಂಬಿಗಳ ಮೇಲೆ ಸಂಪುಟದ ಮೇಲೆ ಸಂಪುಟ ತಂದ. ಪಶ್ಚಿಮಘಟ್ಟವೋ 1,600 ಕಿಲೋಮೀಟರ್ ಉದ್ದ. ಹಸುಳೆಯ ಉಗುರಿಗಿಂತ ಚಿಕ್ಕದನ್ನು ಎಷ್ಟು ಕಡೆ ಬಗ್ಗಿ ಹುಡುಕಿಯಾರು? ನಕ್ಷೆಯ ಖಾಲಿ ಜಾಗ ಹುಳ ಇಲ್ಲದ್ದೋ, ನೋಡುವವನು ಹೋಗದ್ದೋ ಎಂದು ಯೋಚಿಸುತ್ತಾ ಎಷ್ಟೋ ರಾತ್ರಿ ಕೂತಿದ್ದೇನೆ, ದೀಪ ಆರಿಸಿ.

ಗಂಟು ಒಪ್ಪಿಸದೆ ಬಿಡುವ ಹಾಗಿರಲಿಲ್ಲ. ಸರ್ಪಸುತ್ತೇ ಅಲ್ಲವಲ್ಲ ಅಂದರೆ, “ಹೇಳಿಕೊಂಡದ್ದು ಹೇಳಿಕೊಂಡದ್ದೇ,” ಅಂದಳು ಅಮ್ಮ. ಕುಕ್ಕೆಗೆ ಹೋಗಿ ಹುಂಡಿಗೆ ಹಾಕಿದೆ. ಕುಮಾರಸ್ವಾಮಿ ಲೇಔಟಿನವನು ಅಲ್ಲಿಯವರೆಗೆ ಹೋಗಿ ಕುಮಾರಪರ್ವತ ಹತ್ತದೆ ಬರುವುದುಂಟೇ? 1,712 ಮೀಟರ್. ಗಿರಿಗದ್ದೆ ದಾಟಿದಮೇಲೆ ಬರಿಯ ಹುಲ್ಲು, ನೆರಳಿಗೆ ಕಲ್ಲುಮಂಟಪ ಒಂದೇ. ಶೇಷಪರ್ವತದ ಆಚೆ ಇಳಿದರೆ ಒಮ್ಮೆಲೇ ಕಾಡು, ಪಾಚಿ ಮೆತ್ತಿದ ಕಾಂಡ, ಕತ್ತಲೆ, ತಣುಪು.

ಜೊತೆಯವರು ಶಿಖರಕ್ಕೆ ಮುಂದೆ ಹೋದರು. ನಾನು ಮಂಡಿಯೂರಿ ಒಂದು ಒದ್ದೆ ಎಲೆಯನ್ನು ತುದಿ ಹಿಡಿದು ಎತ್ತಿದೆ. ಅಭಯಾರಣ್ಯ, ಏನನ್ನೂ ಹಿಡಿಯುವಂತಿಲ್ಲ, ನೋಡಬಹುದಷ್ಟೆ. ಮಣ್ಣಿನದೇ ಬಣ್ಣದ ಒಂದು ಎಳೆ ಓಡಿತು, ನಿಂತಿತು, ಬಾಲ ಎತ್ತಿತು. ಅದೇ ಗಿಡ್ಡ ಕೋಟು. ಒಳಗೆ ರೆಕ್ಕೆ ಇತ್ತೋ ಇಲ್ಲವೋ. ಇನ್ನೊಂದು ಎಲೆಯ ಕೆಳಗೆ ನುಗ್ಗಿತು. ಕೈಯಲ್ಲಿದ್ದುದನ್ನು ಇದ್ದ ಹಾಗೇ ಮುಚ್ಚಿದೆ.